ಲೆಕ್ಕದಲ್ಲಿ ಫೇಲು, ಸಂತೆಯಲ್ಲಿ ಪಾಸು!

ಎಸೆಸೆಲ್ಸಿ ಫಲಿತಾಂಶ ಬಂದ ದಿನ ಶಿವಮೊಗ್ಗದ ಯಾವ ಕೇರಿಗಾದರೂ ಹೋಗಿ, ಭದ್ರಾವತಿಯ ಯಾವ ವಠಾರಕ್ಕಾದರೂ ಹೋಗಿ, ಕೇಳುವ ಮಾತು ಒಂದೇ: ‘ಲೆಕ್ಕ ಒಂದು ಹೋಯ್ತು ಕಣಮ್ಮಾ, ಮಿಕ್ಕಿದ್ದೆಲ್ಲಾ ಪಾಸು.’ ಅಪ್ಪನಿಗೂ ಅದೇ ಹೋಗಿತ್ತು, ಸೋದರಮಾವನಿಗೂ ಅದೇ ಹೋಗಿತ್ತು. ಹಾಗಾಗಿ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ. ‘ನಮ್ ವಂಶಕ್ಕೇ ಲೆಕ್ಕ ಹತ್ತೋದಿಲ್ಲ ಬಿಡು’ ಅಂತ ಅಜ್ಜಿ ತೀರ್ಪು ಕೊಡುತ್ತಾಳೆ. ತಮಾಷೆ ನೋಡಿ, ಹಾಗೆ ತೀರ್ಪು ಕೊಟ್ಟ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಇಪ್ಪತ್ತು ಜನರ ಚೀಟಿಯಲ್ಲಿ ಯಾರು ಎಷ್ಟಕ್ಕೆ ಕೂಗಿದರು, ಉಳಿದವರಿಗೆ ಎಷ್ಟೆಷ್ಟು ಉಳಿಯಿತು, ಯಾರ ಕಂತು ಬಾಕಿ, ಎಲ್ಲಾ ಅವಳ ಬಾಯಲ್ಲಿರುತ್ತದೆ. ಪುಸ್ತಕ ಇಲ್ಲ, ಪೆನ್ನಿಲ್ಲ, ತಪ್ಪೂ ಇಲ್ಲ.

ಲೆಕ್ಕ ಹತ್ತದ ವಂಶವಂತೆ!

ಹಾಗಂತ ಜಿಲ್ಲೆ ಓದಿನಲ್ಲಿ ಹಿಂದೆ ಬಿದ್ದಿದೆ ಅನ್ನುವಂತಿಲ್ಲ. 2024ರ ಎಸೆಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಉಡುಪಿ, ದಕ್ಷಿಣ ಕನ್ನಡ ಬಿಟ್ಟರೆ ಮೂರನೇ ಸ್ಥಾನ ಶಿವಮೊಗ್ಗದ್ದೇ. ಶೇ. 88.67. ಇಡೀ ರಾಜ್ಯದ್ದು ಶೇ. 73.40. ಅದರ ಹಿಂದಿನ ವರ್ಷ ರಾಜ್ಯ ಶೇ. 83.89ರಲ್ಲಿತ್ತು. ಪರೀಕ್ಷಾ ಕೊಠಡಿಗೆ ಕ್ಯಾಮರಾ ಬಂತು, ಹತ್ತು ಪರ್ಸೆಂಟು ಕರಗಿಹೋಯಿತು. ಅದೂ ಆ ವರ್ಷ ಕೃಪಾಂಕವನ್ನು ಧಾರಾಳವಾಗಿ ಏರಿಸಿದ ಮೇಲೆ! ಇನ್ನೂ ಹಿಂದಕ್ಕೆ ಹೋದರೆ 2021ರ ಕೊರೊನಾ ವರ್ಷ. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಒಂದೇ ಬೆಳಗ್ಗೆ ಮುಗಿಸಿದರು. ಒಂದೊಂದಕ್ಕೆ 40 ಅಂಕ, ಬರೆಯುವುದೇನಿಲ್ಲ, ಸರಿ ಉತ್ತರಕ್ಕೆ ಗುರುತು ಹಾಕುವುದು. ಆ ವರ್ಷ ಲೆಕ್ಕದಲ್ಲಿ ಹೋದವರು ಯಾರೂ ಇಲ್ಲ. ಲೆಕ್ಕ ಕಲಿತದ್ದಕ್ಕಲ್ಲ, ಫೇಲು ಮಾಡುವುದನ್ನೇ ನಿಲ್ಲಿಸಿದ್ದಕ್ಕೆ.

2025ರ ಅಕ್ಟೋಬರಿನಲ್ಲಿ ಇನ್ನೊಂದು ಪ್ರಕಟಣೆ ಬಂತು. ಶಿಕ್ಷಣ ಸಚಿವರು ಇದೇ ಜಿಲ್ಲೆಯವರು, ಸೊರಬದ ಶಾಸಕ ಮಧು ಬಂಗಾರಪ್ಪ. ಪಾಸಾಗಲು 35 ಬೇಡ, 33 ಸಾಕು ಅಂದರು. ಒಟ್ಟು 625ಕ್ಕೆ 206 ಬರಬೇಕು, ಒಂದೊಂದು ವಿಷಯದಲ್ಲಿ ಕನಿಷ್ಠ 30 ಪರ್ಸೆಂಟು ಇರಬೇಕು. ಮಕ್ಕಳನ್ನು ಅಟ್ಟಕ್ಕೆ ಹತ್ತಿಸಲಾಗದಿದ್ದರೆ ಅಟ್ಟವನ್ನೇ ಇಳಿಸುವುದು ಹಳೇ ಉಪಾಯ. ಮಕ್ಕಳಿಗೆ ಖುಷಿಯಾಗಿದೆ, ಮನೆಯವರಿಗೂ ನಿಟ್ಟುಸಿರು. ಬೇಡ ಅನ್ನುವವರಾದರೂ ಯಾರು? ಆದರೆ 35 ಬಾರದವನಿಗೆ ಏನು ಬಾರದೋ ಅದು 33 ಬಂದವನಿಗೂ ಬಾರದು.

<b>ಪಾಸಿಂಗ್ ಪ್ಯಾಕೇಜು</b>

ಗಣಿತದ ಪತ್ರಿಕೆ 80 ಅಂಕದ್ದು. ಉಳಿದ 20 ಶಾಲೆಯ ಒಳಗಿನ ಅಂಕ, ಅದು ಹೇಗೋ ಬರುತ್ತದೆ. 35ರ ಕಾಲದಲ್ಲಿ ಬರವಣಿಗೆಗೆ 80ಕ್ಕೆ 28 ಬೇಕಿತ್ತು. ಆ 28 ಎಲ್ಲಿಂದ ಹೊಂದಿಸೋದು? ಅದಕ್ಕೇ ಹುಟ್ಟಿದ್ದು ‘ಪಾಸಿಂಗ್ ಪ್ಯಾಕೇಜು’. ಹೆಸರು ಕೇಳಿದರೆ ಮೊಬೈಲ್ ಕಂಪನಿಯದ್ದು ಅನ್ನಿಸಬೇಕು. ಅದಲ್ಲ, ಇದು ಪಾಠದ್ದು. ಜನವರಿ ಬಂತೆಂದರೆ ಮಕ್ಕಳನ್ನು ಎರಡು ಗುಂಪು ಮಾಡುತ್ತಾರೆ. ಬರುವವರು ಒಂದು ಕಡೆ, ಬಾರದವರು ಒಂದು ಕಡೆ. ಬಾರದವರಿಗೆ ಹೇಳೋದಿಷ್ಟು: ಎರಡು ಪ್ರಮೇಯ ಬಾಯಿಪಾಠ ಮಾಡು, ಒಂದು ನಕ್ಷೆ ಎಳೆಯೋದು ಕಲಿ, ಇಷ್ಟು ಸೂತ್ರ ಬರೆದು ಬರೆದು ಕೈಗೆ ಹತ್ತಿಸಿಕೋ, ಮಿಕ್ಕಿದ್ದು ಮುಟ್ಟಬೇಡ.

ಮೇಷ್ಟ್ರನ್ನು ಬೈಯುವುದು ಸುಲಭ. ಮೇಲಿನವರು ಫಲಿತಾಂಶ ಕೇಳುತ್ತಾರೆ, ಕೆಳಗಿನ ತರಗತಿಯಿಂದ ಕಳೆಯುವ ಲೆಕ್ಕವೂ ಬಾರದ ಹುಡುಗ ಹತ್ತಕ್ಕೆ ಬಂದು ಕೂತಿರುತ್ತಾನೆ. ಮೂರು ತಿಂಗಳಲ್ಲಿ ಮೇಷ್ಟ್ರು ತಾನೇ ಏನು ಮಾಡಿಯಾರು? ಪ್ರಮೇಯ ಉರು ಹೊಡೆಸುತ್ತಾರೆ. ತ್ರಿಭುಜದ ಹೆಸರು ‘ಎಬಿಸಿ’ ಬದಲು ‘ಪಿಕ್ಯೂಆರ್’ ಅಂತ ಕೊಟ್ಟರೆ ಹುಡುಗ ಅಲ್ಲೇ ಬೆವರುತ್ತಾನೆ. ಅವನು ಕಲಿತದ್ದು ಪ್ರಮೇಯವನ್ನಲ್ಲ, ಅಕ್ಷರಗಳನ್ನು.

ಗಾಯ ಇರೋದು ಹತ್ತನೇ ತರಗತಿಯಲ್ಲಲ್ಲ. ಮೂರು ನಾಲ್ಕರಲ್ಲಿ. 302ರಲ್ಲಿ 147 ಕಳೆ ಅಂದರೆ ಎಷ್ಟೋ ಮಕ್ಕಳು 245 ಅಂತ ಬರೆಯುತ್ತಾರೆ. ಸೋಮಾರಿತನದ ತಪ್ಪಲ್ಲ ಅದು. ಎರಡರಲ್ಲಿ ಏಳು ಹೋಗೋದಿಲ್ಲವಲ್ಲ, ಏಳರಲ್ಲೇ ಎರಡು ಕಳೆದರು, ಐದು ಬಂತು. ಸೊನ್ನೆಯಲ್ಲಿ ನಾಲ್ಕು ಹೋಗೋದಿಲ್ಲ, ನಾಲ್ಕೇ ಬರೆದರು. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅಂತ ಯಾವತ್ತೋ ಹೇಳಿಕೊಟ್ಟ ಮಾತನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಮೇಷ್ಟ್ರು ಕೆಂಪು ಗೀಟು ಎಳೆದು ಮುಂದಕ್ಕೆ ಹೋದರೆ ಮಗುವಿಗೆ ತಿಳಿಯುವುದು ಒಂದೇ: ತನಗೆ ಲೆಕ್ಕ ಬರೋದಿಲ್ಲ. ಪಕ್ಕದ ಮನೆಯಿಂದ ಸಾಲ ತರೋ ಆಟ, ಅಂದರೆ ಹತ್ತರ ಮನೆಯಿಂದ ಒಂದನ್ನು ತಂದು ಬಿಡಿಯ ಮನೆಯಲ್ಲಿ ಹತ್ತು ಮಾಡಿಕೊಳ್ಳೋದು, ಅದು ಯಾಕೆ ಹಾಗೆ ಅಂತ ಕಡ್ಡಿ ಕಟ್ಟು ಬಿಚ್ಚಿ ತೋರಿಸಿದವರು ಬೇಕಿತ್ತು. ಈ ಲೆಕ್ಕದಲ್ಲಂತೂ ಪಕ್ಕದ ಮನೆಯಲ್ಲೇ ಸೊನ್ನೆ. ಅವರು ಅದರಾಚೆಯ ಮನೆಯಿಂದ ತಂದು ಕೊಡಬೇಕು. ದೊಡ್ಡವರ ಸಾಲದ ವ್ಯವಹಾರವೂ ಹಾಗೇ ಇರೋದರಿಂದ ಹೇಳಿದರೆ ಯಾವ ಮಗುವಿಗೂ ತಿಳಿದೀತು.

ಇನ್ನೊಂದು ಭಿನ್ನರಾಶಿ. ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಐದನೇ ಎರಡು ಅಂತ ಬರೆಯುತ್ತಾರೆ. ಅರ್ಧ ಹೋಳಿಗೆ ತಿಂದವನಿಗೆ ಇನ್ನೊಂದಿಷ್ಟು ಬಡಿಸಿದರೆ ಒಟ್ಟು ಅರ್ಧಕ್ಕಿಂತ ಕಮ್ಮಿ ಆಗುತ್ತದೆಯೇ? ಅದೇ ಹುಡುಗನನ್ನು ಪಂಕ್ತಿಯಲ್ಲಿ ಕೂರಿಸಿ ಕೇಳಿ, ನಕ್ಕುಬಿಡುತ್ತಾನೆ. ಹಾಳೆಯ ಮೇಲೆ ಬರೆದರೆ ನಗು ಬರೋದಿಲ್ಲ. ಹಾಳೆಯ ಮೇಲಿನ ಅರ್ಧಕ್ಕೂ ಎಲೆಯ ಮೇಲಿನ ಅರ್ಧಕ್ಕೂ ಸಂಬಂಧ ಇದೆ ಅಂತ ಅವನಿಗೆ ಯಾರೂ ಹೇಳಿಲ್ಲ.

<b>ತಕ್ಕಡಿಯ ಮುಂದೆ</b>

ಗಾಂಧಿಬಜಾರಿನ ಸುತ್ತ ತರಕಾರಿ ಅಂಗಡಿಗಳಲ್ಲಿ ಸಂಜೆ ಹೊತ್ತು ಕೂರುವ ಹುಡುಗರ ಲೆಕ್ಕ ನೋಡಬೇಕು. ಬದನೆಕಾಯಿ ಕೆ.ಜಿ.ಗೆ 45 ರೂಪಾಯಿ, ತೂಗಿದ್ದು 650 ಗ್ರಾಂ. ಶಾಲೆಯ ಕ್ರಮದಲ್ಲಿ 45ನ್ನು 0.65ರಿಂದ ಗುಣಿಸಬೇಕು, ಚುಕ್ಕಿ ಎಲ್ಲಿಡೋದು ಅಂತ ತಲೆ ಕೆರೆಯಬೇಕು. ಹುಡುಗ ಹಾಗೆ ಮಾಡೋದಿಲ್ಲ. ಅರ್ಧ ಕೆ.ಜಿ.ಗೆ ಇಪ್ಪತ್ತೆರಡೂವರೆ, ನೂರು ಗ್ರಾಂಗೆ ನಾಲ್ಕೂವರೆ, ಅದರರ್ಧ ಎರಡೂಕಾಲು. ಇಪ್ಪತ್ತೊಂಬತ್ತೂಕಾಲು. ‘ಇಪ್ಪತ್ತೊಂಬತ್ತು ಕೊಡಿ ಅಕ್ಕಾ.’ ಮೂರು ಸೆಕೆಂಡಿನ ಕೆಲಸ. ಕಾಲು ರೂಪಾಯಿ ಬಿಟ್ಟದ್ದೂ ಲೆಕ್ಕವೇ, ಗಿರಾಕಿ ನಾಳೆಯೂ ಬರಬೇಕಲ್ಲ. ಅದೇ ಹುಡುಗನಿಗೆ ಬೆಳಗ್ಗೆ ತರಗತಿಯಲ್ಲಿ ದಶಮಾಂಶ ಗುಣಾಕಾರ ಕೊಟ್ಟರೆ ಕೈ ನಡುಕ.

ಇದು ಈ ಊರಿನ ಕತೆ ಮಾತ್ರ ಅಲ್ಲ. ಬ್ರೆಜಿಲ್ ದೇಶದ ರೆಸೀಫೆ ಪಟ್ಟಣದಲ್ಲಿ ರಸ್ತೆ ಬದಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಕರಾಹರ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಗಳ ಹಾಗೆ ಹೋಗಿ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಮಕ್ಕಳಿಗೆ ಅದೇ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಬರೆದುಕೊಟ್ಟಾಗ ನೂರಕ್ಕೆ 37. ಆಮೇಲೆ ಕೋಲ್ಕತ್ತ, ದಿಲ್ಲಿ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ನಡೆಸಿದ ದೊಡ್ಡ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅದರಲ್ಲಿದ್ದರು. ಅಲ್ಲೂ ಅದೇ ಕತೆ. ಅದಕ್ಕಿಂತ ಚುರುಕಾದ ಸಂಗತಿ ಏನೆಂದರೆ, ಅಂಗಡಿಯಲ್ಲಿ ಕೂತೇ ಇರದ ಶಾಲೆಯ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕೊಟ್ಟಾಗ ಅವರೂ ಮುಗ್ಗರಿಸಿದರು. ಇವರ ಲೆಕ್ಕ ಅವರಿಗೆ ಬಾರದು, ಅವರ ಲೆಕ್ಕ ಇವರಿಗೆ ಬಾರದು. ನಡುವೆ ಸೇತುವೆ ಕಟ್ಟೋ ಕಂಟ್ರಾಕ್ಟು ಯಾರಿಗೂ ಕೊಟ್ಟಂತಿಲ್ಲ.

ಅಡಿಕೆ ಮಂಡಿಗೆ ಬಂದರೆ ಲೆಕ್ಕದ ತೂಕವೇ ಬೇರೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೆ ಒಂದೊಂದು ಧಾರಣೆ. ಕ್ವಿಂಟಾಲಿಗೆ 48 ಸಾವಿರ ಅಂತ ಇಟ್ಟುಕೊಳ್ಳಿ. ಮಾಲು 3 ಕ್ವಿಂಟಾಲು 42 ಕೆ.ಜಿ. ಮೂರಕ್ಕೆ ಒಂದು ಲಕ್ಷದ ನಲವತ್ನಾಲ್ಕು ಸಾವಿರ, ಕೆ.ಜಿ.ಗೆ 480ರಂತೆ ನಲವತ್ತೆರಡಕ್ಕೆ ಇಪ್ಪತ್ತು ಸಾವಿರದ ನೂರಾ ಅರವತ್ತು. ಬೆಳೆಗಾರ ಇದನ್ನು ಬೀಡಿ ಹಚ್ಚುವಷ್ಟರಲ್ಲಿ ಹೇಳುತ್ತಾನೆ. ಖೇಣಿ ಹಿಡಿಯುವವನ ಲೆಕ್ಕ ಇನ್ನೂ ಹರಿತ. ಮರದ ಮೇಲಿನ ಕೊನೆ ನೋಡಿ, ಕ್ವಿಂಟಾಲು ಹಸಿ ಕಾಯಿಗೆ ಹನ್ನೆರಡು ಕೆ.ಜಿ. ಒಣ ಅಡಿಕೆ ಬಿದ್ದೀತೋ ಹದಿಮೂರು ಬಿದ್ದೀತೋ ಅಂತ ಅಂದಾಜು ಮಾಡಬೇಕು. ಹದಿಮೂರು ಅಂತ ಹಿಡಿದು ಹನ್ನೆರಡು ಬಿತ್ತೋ, ನೂರು ಕ್ವಿಂಟಾಲು ಕಾಯಿಗೆ ಒಂದು ಕ್ವಿಂಟಾಲು ಅಡಿಕೆ ಕೈಬಿಟ್ಟಿತು, 48 ಸಾವಿರ ಹೋಯಿತು. ಪುಸ್ತಕದಲ್ಲಿ ಇದಕ್ಕೆ ಶೇಕಡಾವಾರು ಅನ್ನುತ್ತಾರೆ. ಮಂಡಿಯಲ್ಲಿ ಹೊಟ್ಟೆಯುರಿ ಅನ್ನುತ್ತಾರೆ.

<b>ಕಾಲು, ಅರೆ, ಮುಕ್ಕಾಲು</b>

ಹಿಂದಿನವರಿಗೆ ಇದೆಲ್ಲಾ ಎಲ್ಲಿಂದ ಬಂತು? ಮಗ್ಗಿಯಿಂದ. ಈಗಿನ ಹಾಗೆ ಎರಡೊಂದ್ಲ ಎರಡು ಮಾತ್ರ ಅಲ್ಲ. ಕಾಲರ ಮಗ್ಗಿ, ಅರೆ ಮಗ್ಗಿ, ಮುಕ್ಕಾಲು, ಒಂದೂಕಾಲು, ಒಂದೂವರೆ ಮಗ್ಗಿ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಸಾಲಾಗಿ ಕೂತು ಒದರಬೇಕು. ತಪ್ಪಿದರೆ ಅಜ್ಜನ ಬೆತ್ತ. ಬೆತ್ತವನ್ನು ಹೊಗಳಬೇಕಾಗಿಲ್ಲ, ಅದಕ್ಕೆ ಹೆದರಿ ಲೆಕ್ಕವನ್ನೇ ಬಿಟ್ಟು ದನ ಕಾಯಲು ಹೋದವರೂ ಇದ್ದಾರೆ. ಆದರೆ ಮಗ್ಗಿ ಇದ್ದದ್ದು ಬಳಕೆಯ ಅಳತೆಗೆ ಸರಿಯಾಗಿ. ರೂಪಾಯಿಗೆ ಹದಿನಾರಾಣೆ, ಸೇರಿಗೆ ಹದಿನಾರು ಚಟಾಕು. ಹಾಗಾಗಿ ಸೇರಿಗೆ ಎಷ್ಟು ರೂಪಾಯೋ ಚಟಾಕಿಗೆ ಅಷ್ಟೇ ಆಣೆ. ಲೆಕ್ಕ ಮಾಡುವುದೇ ಬೇಡ! ಸೇರಿಗೆ ಹದಿನಾಲ್ಕಾಣೆ ಆದರೆ ಅರೆಪಾವಿಗೆ? ಎಂಟನೇ ಒಂದು ಭಾಗ, ಒಂದೂಮುಕ್ಕಾಲು ಆಣೆ. ಅರ್ಧದರ್ಧ, ಅದರರ್ಧ ಅಂತ ಇಳಿದರೆ ಮುಗಿಯಿತು.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ ನೂರು. ಒಂದಾಣೆಗೆ ಆರೂಕಾಲು ನಯಾ ಪೈಸೆ. ಕೊಡೋದು ಹೇಗೆ ಆ ಕಾಲು ಪೈಸೆಯನ್ನ? ಆರು ಕೊಟ್ಟರೆ ಅಂಗಡಿಯವನಿಗೆ ನಷ್ಟ, ಏಳು ಕೊಟ್ಟರೆ ಗಿರಾಕಿಗೆ. ಮರುವರ್ಷದಿಂದ ಸೇರು, ಮಣ ಹೋಗಿ ಕಿಲೋ, ಲೀಟರು ಬರತೊಡಗಿದವು. ಶಾಲೆಯ ಪುಸ್ತಕಕ್ಕೆ ಅನುಕೂಲವಾಯಿತು ಅನ್ನೋದರಲ್ಲಿ ಅನುಮಾನವಿಲ್ಲ, ಹತ್ತರ ಲೆಕ್ಕ ಸಲೀಸು. ಆದರೆ ಜನರ ಬಾಯಲ್ಲಿ ಕಾಲು, ಅರೆ ಹೋಗಲೇ ಇಲ್ಲ. ನಾಲ್ಕಾಣೆ ನಾಣ್ಯವನ್ನು 2011ರ ಜೂನ್ 30ಕ್ಕೆ ಸರ್ಕಾರವೇ ಮುಗಿಸಿತು. ‘ನಾಲ್ಕಾಣೆ ಬುದ್ಧಿ ಇಲ್ಲ ನಿಂಗೆ’ ಅನ್ನೋ ಬೈಗುಳ ಮಾತ್ರ ಇನ್ನೂ ಚಲಾವಣೆಯಲ್ಲಿದೆ.

ಲೆಕ್ಕಕ್ಕೂ ಕನ್ನಡಕ್ಕೂ ಆಗಿಬರೋದಿಲ್ಲ ಅನ್ನೋರಿಗೆ ಒಂದು ಮಾತು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದು ಇದೇ ನಾಡಿನಲ್ಲಿ. ಅದು ಸಂಸ್ಕೃತ. 12ನೇ ಶತಮಾನದಲ್ಲಿ ರಾಜಾದಿತ್ಯ ಎಂಬಾತ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಬರೆದ. ಹೆಸರೇ ಹೇಳುತ್ತದೆ, ಒಂದು ವ್ಯಾಪಾರಕ್ಕೆ, ಒಂದು ಹೊಲದ ಅಳತೆಗೆ. ಮಹಾವೀರಾಚಾರ್ಯರ ಆ ಗ್ರಂಥಕ್ಕೆ ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದವನ್ನು 2000ದಲ್ಲಿ ಪ್ರಕಟಿಸಿದ್ದು ಇನ್ಯಾರೂ ಅಲ್ಲ, ಹೊಸನಗರ ತಾಲ್ಲೂಕಿನ ಹೊಂಬುಜ ಜೈನಮಠ. ಜಿಲ್ಲೆಯ ಎಷ್ಟು ಪ್ರೌಢಶಾಲೆಗಳ ಕಪಾಟಿನಲ್ಲಿ ಅದು ಇದೆಯೋ, ನೋಡಿದವರು ಹೇಳಬೇಕು.

<b>ಚುಕ್ಕಿ ತಿಂದ ಜಮೀನು</b>

ಲೆಕ್ಕ ಬಾರದಿದ್ದರೆ ಏನು ಮುಳುಗಿತು, ಮೊಬೈಲು ಇದೆಯಲ್ಲ ಅನ್ನೋರಿದ್ದಾರೆ. ಅವರಿಗಾಗಿ ಈ ಉದಾಹರಣೆ.

ಅಣ್ಣತಮ್ಮಂದಿರು ನಾಲ್ಕು ಜನ. ಜಮೀನು 3 ಎಕರೆ 17 ಗುಂಟೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಅಂತ ನಡುವೆ ಚುಕ್ಕಿ ಇಟ್ಟು ಬರೆದಿರುತ್ತದೆ. ಹೌದು, ಅಂಗಡಿಯಿಂದ ಓಡಿಹೋದ ಆಣೆ ಪಹಣಿಯಲ್ಲಿ ಸುಖವಾಗಿದೆ. ಹದಿನಾರಾಣೆ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಕಾಲೇಜು ಮೆಟ್ಟಿಲು ಹತ್ತಿದ ಮೊಮ್ಮಗ ಮೊಬೈಲು ತೆಗೆದು 3.17 ಅಂತ ಒತ್ತುತ್ತಾನೆ, ನಾಲ್ಕರಿಂದ ಭಾಗಿಸುತ್ತಾನೆ. 0.7925 ಬರುತ್ತದೆ. ‘ಮುಕ್ಕಾಲು ಎಕರೆಗೆ ಸ್ವಲ್ಪ ಮೇಲೆ ಕಣಜ್ಜಾ’ ಅನ್ನುತ್ತಾನೆ. ಅಂದರೆ 31.7 ಗುಂಟೆ. ಕೂತಲ್ಲೇ ಬೆರಳು ಮಡಿಸುತ್ತಿದ್ದ ಅಜ್ಜ ತಲೆ ಅಲ್ಲಾಡಿಸುತ್ತಾನೆ. ಮೂರು ನಲವತ್ಲ ನೂರಾಇಪ್ಪತ್ತು, ಮೇಲೆ ಹದಿನೇಳು, ನೂರಾಮೂವತ್ತೇಳು. ನಾಲ್ಕು ಪಾಲು ಮಾಡಿದರೆ ತಲೆಗೆ ಮೂವತ್ನಾಲ್ಕು ಗುಂಟೆ ನಾಲ್ಕಾಣೆ.

ಯಾರದು ಸರಿ? ಅಜ್ಜನದು. ಪಹಣಿಯ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, ಅದು ಬರೀ ಗೋಡೆ. ಮೊಮ್ಮಗನ ಮಾತು ನಂಬಿ ಪಾಲುಪಟ್ಟಿ ಬರೆದಿದ್ದರೆ ಒಬ್ಬೊಬ್ಬನ ಪಾಲಿಗೆ ಎರಡೂವರೆ ಗುಂಟೆಗೂ ಹೆಚ್ಚು ಖೋತಾ. ಗುಂಟೆ ಅಂದರೆ 33 ಅಡಿಯ ಸರಪಳಿಯ ಚೌಕ, 1,089 ಚದರಡಿ. ಲೆಕ್ಕ ಹಾಕಿ, ಸುಮಾರು 2,777 ಚದರಡಿ ಹೋಯಿತು. ಮೂವತ್ತು–ನಲವತ್ತರ ಎರಡು ಸೈಟು! ನಾಲ್ಕು ಪಾಲೂ ಕೂಡಿಸಿದರೆ ಹತ್ತು ಗುಂಟೆಗೂ ಮಿಕ್ಕಿ ಜಮೀನು ಯಾರ ಹೆಸರಿಗೂ ಇಲ್ಲದೆ ಗಾಳಿಯಲ್ಲಿ ನಿಲ್ಲುತ್ತದೆ. ಅಂಥದ್ದನ್ನು ಇಳಿಸಲಿಕ್ಕೆ ಆಮೇಲೆ ಸರ್ವೆಯವರು, ವಕೀಲರು, ಕೋರ್ಟು ಬೇಕು. ಹತ್ತನೇ ತರಗತಿಯ ಪುಸ್ತಕದಲ್ಲಿ ಶಂಕುವಿನ ಘನಫಲ ಇದೆ. ಗುಂಟೆ–ಆಣೆ ಇಲ್ಲ. ಶಂಕು ಬೇಡ ಅಂತಲ್ಲ. ಈ ಜಿಲ್ಲೆಯ ಮಗುವಿಗೆ ಶಂಕುವಿನ ಜೊತೆ ಪಹಣಿಯನ್ನೂ ಒಂದು ದಿನ ಓದಿಸಿದರೆ ಯಾವ ಇಲಾಖೆಗೂ ನಷ್ಟವಿಲ್ಲ.

ಪೇಟೆಯಲ್ಲೂ ಇದೇ ಪಾಡು. ಸೈಟು ಕೊಳ್ಳೋದು ಅಡಿಯಲ್ಲಿ, ಖಾತೆಯಲ್ಲಿ ಬರೋದು ಮೀಟರಿನಲ್ಲಿ. 1,200 ಚದರಡಿಯ ಸೈಟು ಕಾಗದದ ಮೇಲೆ 111 ಚಿಲ್ಲರೆ ಚದರ ಮೀಟರು ಆಗಿ ಕೂತಾಗ, ಸೈಟು ಕುಗ್ಗಿತಲ್ಲಪ್ಪಾ ಅಂತ ಎದೆ ಒಡೆದುಕೊಂಡವರುಂಟು.

<b>ಭದ್ರಾವತಿಯ ಟ್ಯಾನ್</b>

ಭದ್ರಾವತಿಗೆ ಬನ್ನಿ. ಈ ಊರು ಹುಟ್ಟಿ ಬೆಳೆದದ್ದೇ ಲೆಕ್ಕದ ಮೇಲೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಇಳಿಯಿತು. ಕೆಮ್ಮಣ್ಣುಗುಂಡಿಯ ಅದಿರು ಇಷ್ಟು, ಕಾಡಿನ ಮರದ ಇದ್ದಿಲು ಇಷ್ಟು, ಸುಣ್ಣದ ಕಲ್ಲು ಇಷ್ಟು. ಪ್ರಮಾಣ ತಪ್ಪಿದರೆ ಕುಲುಮೆ ಕೆಡುತ್ತದೆ. ಪುಸ್ತಕದ ‘ಅನುಪಾತ’ ಇಲ್ಲಿ ಮೂರು ಪಾಳಿಯಲ್ಲಿ ಕೆಂಪಗೆ ಉರಿಯುತ್ತಿತ್ತು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಎಸೆಸೆಲ್ಸಿ ಪಾಸು ಮಾಡಿ ಐಟಿಐ ಮುಗಿಸು, ಫ್ಯಾಕ್ಟರಿಗೆ ಸೇರು, ಕ್ವಾರ್ಟರ್ಸು, ಮದುವೆ, ಮಕ್ಕಳು. ಎರಡು ಮೂರು ತಲೆಮಾರಿಗೆ ಇದೇ ಬದುಕಿನ ಸೂತ್ರ. ಆ ಸೂತ್ರದಲ್ಲಿ ಗಣಿತದ 35 ಅಂಕಕ್ಕೆ ಒಂದು ಅರ್ಥವಿತ್ತು.

ಐಟಿಐನಲ್ಲಿ ಫಿಟ್ಟರು, ಟರ್ನರು ಆಗುವವರಿಗೆ ‘ವರ್ಕ್‌ಶಾಪ್ ಕ್ಯಾಲ್ಕುಲೇಷನ್’ ಅಂತಲೇ ಒಂದು ವಿಷಯ. ಲೇತಿನಲ್ಲಿ ಒಂದು ಕಡೆ 40 ಮಿಲಿಮೀಟರು, ಇನ್ನೊಂದು ಕಡೆ 30 ಮಿಲಿಮೀಟರು, ಉದ್ದ 100. ಇಂಥ ಟೇಪರು ಕೊಯ್ಯಬೇಕಾದರೆ ಸ್ಲೈಡನ್ನು ಎಷ್ಟು ಡಿಗ್ರಿಗೆ ತಿರುಗಿಸಬೇಕು? ದಪ್ಪದ ವ್ಯತ್ಯಾಸ ಹತ್ತು, ಉದ್ದದ ಎರಡು ಪಟ್ಟು ಇನ್ನೂರು, ಭಾಗಿಸಿದರೆ 0.05. ಯಾವ ಕೋನದ ಟ್ಯಾನ್ 0.05? ಕೋಷ್ಟಕ ನೋಡಿದರೆ 2 ಡಿಗ್ರಿ 52 ಮಿನಿಟು. ಎಸೆಸೆಲ್ಸಿಯ ತ್ರಿಕೋನಮಿತಿಯಲ್ಲಿ ಇರೋದು 0, 30, 45, 60, 90 ಮಾತ್ರ. ಆ ಐದು ಕೋನಗಳ ಪಟ್ಟಿಯನ್ನು ಉರು ಹೊಡೆದು ಬಂದ ಹುಡುಗ 2 ಡಿಗ್ರಿ 52 ಮಿನಿಟಿನ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತಾನೆ. ಲೇತಿನ ಮುಂದೆ ನಾಲ್ಕು ಕಬ್ಬಿಣ ಕೆಡಿಸಿದ ಮೇಲೆ ಅವನಿಗೆ ಟ್ಯಾನ್ ಅಂದರೆ ಏನು ಅಂತ ಹೊಳೆಯುತ್ತದೆ: ಉದ್ದಕ್ಕೆ ಹೋದ ಹಾಗೆ ಎಷ್ಟು ಏರಿತು, ಅಷ್ಟೇ! ಎರಡು ವರ್ಷ ಬೋರ್ಡಿನ ಮೇಲೆ ಬರೆದಾಗ ಹೊಳೆಯದೇ ಇದ್ದದ್ದು.

ಬಡಗಿಯ ಹತ್ತಿರ ಹೋದರೆ ಅಳತೆಯ ಭಾಷೆಯೇ ಬೇರೆ. ಇಂಚಿಗೆ ಎಂಟು ನೂಲು. ‘ಎರಡು ಇಂಚು ಮೂರು ನೂಲು’ ಅಂದರೆ ಎರಡೂ ಎಂಟನೇ ಮೂರು. ಮಿಶ್ರ ಭಿನ್ನರಾಶಿಗೆ ಹೆದರಿ ಶಾಲೆ ಬಿಟ್ಟವನು ದಿನವಿಡೀ ಮಿಶ್ರ ಭಿನ್ನರಾಶಿಯನ್ನೇ ಕೊಯ್ಯುತ್ತಿರುತ್ತಾನೆ.

ಈಗ ಆ ಬದುಕಿನ ಸೂತ್ರವೇ ಹರಿದಿದೆ. ಕಾಗದದ ಕಾರ್ಖಾನೆಯಲ್ಲಿ 2015ಕ್ಕೆ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆ ಅಂತ ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಹೇಳಿತು. ಧರಣಿ ನಡೆಯಿತು, ಅದೇ ವರ್ಷ ಒಂದಿಷ್ಟು ಯಂತ್ರ ಮತ್ತೆ ತಿರುಗಿತು. ಹಳೇ ಕಾಲದ ಭರವಸೆ ಮಾತ್ರ ತಿರುಗಿ ಬಂದಿಲ್ಲ. ‘ಲೆಕ್ಕ ಕಲಿಯೋ, ಫ್ಯಾಕ್ಟರಿಗೆ ಸೇರ್ತೀಯ’ ಅಂತ ಅಪ್ಪ ಹೇಳುತ್ತಿದ್ದ ಮಾತು ಈಗ ಬಾಯಿಗೆ ಬರೋದಿಲ್ಲ. ‘ಯಾಕಪ್ಪಾ ಕಲೀಬೇಕು?’ ಅಂತ ಮಗ ಕೇಳಿದರೆ ಹೇಳಲು ಊರಿನಲ್ಲಿ ಸುಲಭದ ಉತ್ತರವಿಲ್ಲ. ಬೆಂಗಳೂರಿನ ಬಸ್ಸು ತೋರಿಸಬೇಕು.

<b>ಶ್ರೇಢಿ ಅಂದರೇನು ಸಾರ್?</b>

ಕನ್ನಡ ಮಾಧ್ಯಮದ ಮಕ್ಕಳ ಇನ್ನೊಂದು ಸಂಕಟ ಶಬ್ದದ್ದು. ಸಮಾಂತರ ಶ್ರೇಢಿ, ಬಹುಪದೋಕ್ತಿ, ಅಭಾಗಲಬ್ಧ ಸಂಖ್ಯೆ. ಒತ್ತಕ್ಷರ ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಮುಗಿಯುತ್ತದೆ. ಮೆಟ್ಟಿಲಿನ ಹಾಗೆ ಒಂದೇ ಸಮನೆ ಏರುವ ಸಂಖ್ಯೆಗಳ ಸಾಲು ಅಂತ ಹೇಳಿದರೆ ಕತೆ ಮುಗಿಯಿತು. ‘ಸಾಲು’ ಅನ್ನೋ ಮಾತು ಪುಸ್ತಕ ಬರೆದವರಿಗೆ ಹಗುರವಾಯಿತೋ ಏನೋ. ಮೇಷ್ಟ್ರುಗಳೂ ಸೋತು ‘ಎ.ಪಿ.’ ಅನ್ನುತ್ತಾರೆ. ಇಷ್ಟು ಕಷ್ಟಪಟ್ಟು ಶ್ರೇಢಿಯನ್ನು ಬಾಯಿಗೆ ಹತ್ತಿಸಿಕೊಂಡ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದರೆ ಮೊದಲ ದಿನವೇ ಎಲ್ಲಾ ಇಂಗ್ಲಿಷು. ಅಭಾಗಲಬ್ಧ ಹೋಗಿ ಇರ್ರ್ಯಾಷನಲ್ ಬಂತು. ಲೆಕ್ಕ ಅದೇ, ಆದರೆ ಅದೇ ಅಂತ ಅವಳಿಗೆ ಗೊತ್ತಾಗಲು ಆರು ತಿಂಗಳು ಬೇಕು. ಅಷ್ಟರಲ್ಲಿ ಎಷ್ಟೋ ಮಂದಿ ‘ನಂಗೆ ಸೈನ್ಸ್ ಆಗಲ್ಲಮ್ಮ’ ಅಂತ ಕಲಾ ವಿಭಾಗಕ್ಕೆ ಅರ್ಜಿ ಕೊಟ್ಟಾಗಿರುತ್ತದೆ. ಆಗದೇ ಇದ್ದದ್ದು ಸೈನ್ಸು ಅಲ್ಲ.

<b>ನೂರಕ್ಕೆ ಎರಡು</b>

ಲೆಕ್ಕದ ಪೆಟ್ಟು ಜೋರಾಗಿ ಬೀಳೋದು ಸಾಲದಲ್ಲಿ. ಊರಲ್ಲಿ ಬಡ್ಡಿ ಹೇಳುವ ಕ್ರಮ ‘ನೂರಕ್ಕೆ ಎರಡು’. ಎರಡೇ ರೂಪಾಯಿ ಅಲ್ವಾ ಅನ್ನಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ 24. ಬ್ಯಾಂಕಿನವರು ಹೇಳುವ 12 ವರ್ಷಕ್ಕೆ. ಹನ್ನೆರಡಕ್ಕಿಂತ ಎರಡು ಕಮ್ಮಿ ಅಂತ ಮನಸ್ಸು ಹೇಳುತ್ತದೆ, ಕಾಲು ಲೇವಾದೇವಿಯವನ ಮನೆ ಕಡೆ ನಡೆಯುತ್ತದೆ.

ಅದಕ್ಕಿಂತ ನಯವಾದದ್ದು ಗುಂಪಿನ ಸಾಲ, ವಾರದ ಕಂತು, ತಿಂಗಳ ಕಂತು. ಹತ್ತು ಸಾವಿರ ಸಾಲ, ವರ್ಷಕ್ಕೆ 12 ಪರ್ಸೆಂಟು ‘ಫ್ಲಾಟು’. ಬಡ್ಡಿ 1,200, ಒಟ್ಟು 11,200, ಹನ್ನೆರಡು ಕಂತಿಗೆ ಒಂದೊಂದು 933 ಚಿಲ್ಲರೆ. ಸರಿಯಾಗೇ ಇದೆಯಲ್ಲ? ಇಲ್ಲ. ಹತ್ತು ಸಾವಿರ ಕೈಯಲ್ಲಿ ಇದ್ದದ್ದು ಮೊದಲ ತಿಂಗಳು ಮಾತ್ರ. ಆಮೇಲೆ ಪ್ರತಿ ಕಂತಿಗೂ ಅಸಲು ಇಳಿಯುತ್ತದೆ. ಕೊನೇ ತಿಂಗಳು ಕೈಯಲ್ಲಿ ಉಳಿಯೋದು 833 ರೂಪಾಯಿ, ಬಡ್ಡಿ ಮಾತ್ರ ಹತ್ತು ಸಾವಿರದ ಮೇಲೆಯೇ. ವರ್ಷದ ಸರಾಸರಿ ತೆಗೆದರೆ ನಿಜವಾಗಿ ಬಳಸಿದ್ದು 5,400 ರೂಪಾಯಿಯ ಸುಮಾರು. ಅದಕ್ಕೆ 1,200 ಬಡ್ಡಿ ಅಂದರೆ ನೂರಕ್ಕೆ 21–22 ಬಿತ್ತು. ಹನ್ನೆರಡು ಅಂತ ಹೇಳಿ ಹತ್ತಿರ ಹತ್ತಿರ ದುಪ್ಪಟ್ಟು! ಸುಳ್ಳು ಹೇಳಿದವರು ಯಾರೂ ಇಲ್ಲ, ಲೆಕ್ಕ ಕೇಳಿದವರೂ ಇಲ್ಲ.

ಏಳು, ಎಂಟರ ಪುಸ್ತಕದಲ್ಲಿ ಬಡ್ಡಿಯ ಪಾಠ ಇದ್ದೇ ಇದೆ. ಅಸಲು, ದರ, ಕಾಲ ಗುಣಿಸು, ನೂರರಿಂದ ಭಾಗಿಸು. ಕಂತಿನ ಸಾಲ ಎಂಬ ಊರೆಲ್ಲ ಹಬ್ಬಿದ ಸಂಗತಿಗೆ ಆ ಸೂತ್ರ ಹೊಂದೋದಿಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ಕಿರುಸಾಲದವರಿಗೆ ನಿಯಮ ಮಾಡಿ, ಸಾಲಗಾರರಿಗೆ ತಿಳಿಯುವ ಹಾಗೆ ದರ, ಶುಲ್ಕ ಎಲ್ಲಾ ಒಂದು ಹಾಳೆಯಲ್ಲಿ ಬರೆದು ಕೊಡಿ ಅಂದಿತು. ಬರೆದುಕೊಟ್ಟರೆ ಓದುವವರು ಬೇಕಲ್ಲ. ವಸೂಲಿಯ ಕಾಟ ತಡೆಯಲಾರದೆ ರಾಜ್ಯದಲ್ಲಿ ಜನ ಊರು ಬಿಟ್ಟದ್ದು, ಜೀವ ಕಳೆದುಕೊಂಡದ್ದು ಸುದ್ದಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಕೂಗಾಡುವುದನ್ನು ಕಾನೂನು ತಡೆದೀತು. ಫ್ಲಾಟು ಬಡ್ಡಿಯನ್ನು ತಡೆಯಬೇಕಾದವಳು ಸಹಿ ಹಾಕುವ ಮೊದಲು ‘ಇಳಿಯೋ ಅಸಲಿನ ಮೇಲಾದರೆ ಎಷ್ಟು ಬೀಳುತ್ತೆ ಹೇಳಿ ಸಾರ್’ ಅಂತ ಕೇಳುವ ಹೆಣ್ಣುಮಗಳು. ಅವಳ ಮಗಳು ಹತ್ತನೇ ತರಗತಿಯಲ್ಲಿ ಪಾಸಿಂಗ್ ಪ್ಯಾಕೇಜಿನ ಎರಡು ಪ್ರಮೇಯ ಉರು ಹೊಡೆಯುತ್ತಿದ್ದಾಳೆ.

ಮಾಡಿದ ಪ್ರಯತ್ನಗಳನ್ನು ಮರೆಯಬಾರದು. ‘ಗಣಿತ ಕಲಿಕಾ ಆಂದೋಲನ’ ಅಂತ ಅಕ್ಷರ ಫೌಂಡೇಶನ್ನಿನವರೂ ಸರ್ಕಾರವೂ ಸೇರಿ ಸರ್ಕಾರಿ ಶಾಲೆಯ ನಾಲ್ಕು, ಐದನೇ ತರಗತಿಗಳಿಗೆ ಸಾಮಾನಿನ ಪೆಟ್ಟಿಗೆ ಕೊಟ್ಟರು. ಮಣಿ, ಬಿಲ್ಲೆ, ಭಿನ್ನರಾಶಿಯ ತುಂಡುಗಳು. ಕೂಡೋದು ಕಳೆಯೋದನ್ನು ಕೈಯಲ್ಲಿ ಹಿಡಿದು ಮಾಡಬಹುದು. 302ರಲ್ಲಿ 147 ಕಳೆಯುವ ಮಗು ನೂರರ ಒಂದು ಕಟ್ಟನ್ನು ಮುರಿದು ಹತ್ತು ಹತ್ತುಗಳನ್ನಾಗಿ ಮಾಡಿದರೆ 245 ಅಂತ ಬರೆಯುವ ಪ್ರಶ್ನೆಯೇ ಬರೋದಿಲ್ಲ. ಪೆಟ್ಟಿಗೆ ಬೀರುವಿನಿಂದ ಹೊರಗೆ ಬಂದಿರಬೇಕು, ಅಷ್ಟೇ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳಿಗೆ ಗಣಿತ ಸ್ಪರ್ಧೆಯನ್ನೂ ಇವರು ಏರ್ಪಡಿಸುತ್ತಾ ಬಂದಿದ್ದಾರೆ. ಊರಿನವರ ಎದುರಿಗೇ ಪರೀಕ್ಷೆ, ಊರಿನವರ ಎದುರಿಗೇ ಫಲಿತಾಂಶ. ಮಕ್ಕಳಿಗೆ ಎಷ್ಟು ಬರುತ್ತದೆ, ಎಷ್ಟು ಬರೋದಿಲ್ಲ ಅಂತ ತಂದೆತಾಯಿಗೆ ಹತ್ತನೇ ತರಗತಿಯ ಫಲಿತಾಂಶದ ತನಕ ಕಾಯದೆ ತಿಳಿಯುತ್ತದೆ. ಆರು ವರ್ಷ ಮೊದಲೇ.

ಹತ್ತರಲ್ಲಿ ಹೋದವರಿಗೆ ಈಗ ವರ್ಷ ಕಾಯುವ ಕಷ್ಟವಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಕೊಟ್ಟಿದ್ದಾರೆ. ಮೇ ತಿಂಗಳ ಬಿಸಿಲಿನಲ್ಲಿ ದುರ್ಗಿಗುಡಿಯ, ಭದ್ರಾವತಿ ನ್ಯೂಟೌನಿನ ಟ್ಯೂಷನ್ ಮನೆಗಳ ಮುಂದೆ ಬೆಳಗ್ಗೆ ಆರಕ್ಕೇ ಚಪ್ಪಲಿ ಸಾಲು. ಒಳಗೆ ಅದೇ ಎರಡು ಪ್ರಮೇಯ, ಅದೇ ಒಂದು ನಕ್ಷೆ. ಎಂಟೂವರೆಗೆ ಬಿಟ್ಟ ಮೇಲೆ ಅರ್ಧಕ್ಕರ್ಧ ಹುಡುಗರು ಮನೆಗೆ ಹೋಗೋದಿಲ್ಲ. ಅಂಗಡಿ ಬಾಗಿಲು ತೆಗೆಯೋ ಹೊತ್ತು ಅದು.